ಗೇರ್‌ಬಾಕ್ಸ್ ಇಳಿಸದೆ ವೈರ್ ಹುಡುಕಿಕೊಟ್ಟ ಬನ್ನಿಮಂಟಪದ ಗ್ಯಾರೇಜು

ನಮ್ದು 2008ರ ಪೆಟ್ರೋಲ್ ಸೆಡಾನ್, ಆಟೋಮ್ಯಾಟಿಕ್, 1 ಲಕ್ಷ 30 ಸಾವಿರ ಕಿಲೋಮೀಟರ್ ಓಡಿದೆ. ಮಂಡಿನೋವು ಅಂತ ಅಪ್ಪನಿಗೆ ಕ್ಲಚ್ ತುಳಿಯೋಕಾಗಲ್ಲ, ಅದಕ್ಕೇ ಈ ಗಾಡಿ ಮಾರೋ ಮನಸ್ಸಿಲ್ಲ. ಎರಡು ತಿಂಗಳ ಹಿಂದೆ ನಂಜನಗೂಡಿಂದ ವಾಪಸ್ ಬರ್ತಾ ಇದ್ದಕ್ಕಿದ್ದಂಗೆ ಚೆಕ್ ಎಂಜಿನ್ ಲೈಟ್ ಬಂತು, ಗಾಡಿ ಮೂರನೇ ಗೇರಲ್ಲೇ ಕೂತ್ಬಿಡ್ತು, ಸಿಗ್ನಲಲ್ಲಿ ನಿಂತು ಹೊರಡೋವಾಗ ಬಂಡೆ ಎಳ್ದಂಗೆ ಎಳೀತಿತ್ತು, ಆಫ್ ಮಾಡಿ ಆನ್ ಮಾಡಿದ್ರೆ ಸರಿ ಹೋಗೋದು, ಹತ್ತು ನಿಮಿಷಕ್ಕೆ ಮತ್ತೆ ಅದೇ.

ಗಾಡಿ ಕಂಪ್ಯೂಟರಲ್ಲಿರೋ ದೋಷದ ಕೋಡ್ ಫೋನಲ್ಲಿ ಓದೋಕೆ ಅಂತ ನನ್ ಹತ್ರ ಇದ್ದ ಬ್ಲೂಟೂತ್ ಅಡಾಪ್ಟರ್ ಹಾಕಿದ್ರೆ ಪಿ0700 ಅಂತ ಒಂದೇ ಕೋಡ್. ದೊಡ್ಡ ವರ್ಕ್‌ಶಾಪ್ ಒಂದಕ್ಕೆ ಹೋದ್ರೆ ಅವ್ರೂ ಅದನ್ನೇ ಓದಿ, ಬಾನೆಟ್ ಕೂಡ ಸರಿಯಾಗಿ ನೋಡ್ದೆ, ಗೇರ್‌ಬಾಕ್ಸ್ ಹೋಗಿದೆ, 1 ಲಕ್ಷ 10 ಸಾವಿರ ಆಗುತ್ತೆ ಅಂದ್ರು. ಆ ರಾತ್ರಿ ಮನೇಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ.

ಆಮೇಲೆ ಪರಿಚಯದವರು ಹೇಳಿದ್ರು ಅಂತ ಮೈಸೂರಿನ ಬನ್ನಿಮಂಟಪ ಕಡೆ ಇರೋ ಈ ಸಣ್ಣ ಗ್ಯಾರೇಜಿಗೆ ತಗೊಂಡೋದೆ. ಮೇಸ್ತ್ರಿ ಮೊದಲು ಹೇಳಿದ್ದೇ, ಪಿ0700 ಅಂದ್ರೆ ರೋಗದ ಹೆಸರಲ್ಲ, ಗೇರ್‌ಬಾಕ್ಸ್ ಕಂಪ್ಯೂಟರ್ ಎಂಜಿನ್ ಕಂಪ್ಯೂಟರಿಗೆ ‘ನನ್ ಹತ್ರ ಒಂದು ಕೋಡ್ ಇದೆ, ಲೈಟ್ ಹಾಕು’ ಅಂದಿದೆ ಅಷ್ಟೇ, ಒಳಗಿನ ಕೋಡ್ ಓದ್ಬೇಕು ಅಂತ. ಅವರ ಸ್ಕ್ಯಾನರ್ ಗೇರ್‌ಬಾಕ್ಸ್ ಕಂಪ್ಯೂಟರಿಗೇ ಹೋಗಿ ಓದಿದಾಗ ಸಿಕ್ಕಿದ್ದು ಪಿ0723, ಅಂದ್ರೆ ಔಟ್‌ಪುಟ್ ಸ್ಪೀಡ್ ಸೆನ್ಸರ್ (ಗೇರ್‌ಬಾಕ್ಸಿಂದ ಚಕ್ರದ ಕಡೆ ಹೋಗೋ ವೇಗ ಅಳೆಯೋದು) ಸಿಗ್ನಲ್ ಬಿಟ್ಟುಬಿಟ್ಟು ಬರ್ತಿದೆ. ಸ್ಪೀಡ್ ಮುಳ್ಳು ಯಾವತ್ತಾದ್ರೂ ಕುಣೀತಿತ್ತಾ ಅಂತ ಕೇಳಿದ್ರು, ಆಗ ನೆನಪಾಯ್ತು, ಒಂದು ವಾರದಿಂದ ಓಡ್ತಿರೋವಾಗ್ಲೇ ಸೊನ್ನೆಗೆ ಬಿದ್ದು ಏಳ್ತಿತ್ತು, ನಾವ್ಯಾರೂ ತಲೆ ಕೆಡಿಸ್ಕೊಂಡಿರ್ಲಿಲ್ಲ!

ಆಯಿಲ್ ಕಡ್ಡಿ ಎಳೆದು ಬಿಳಿ ಬಟ್ಟೆ ಮೇಲೆ ಒರೆಸಿ ತೋರಿಸಿದ್ರು, ಕೆಂಪಗೇ ಇತ್ತು, ಸುಟ್ಟ ವಾಸನೆ ಇಲ್ಲ, ಲೋಹದ ಪುಡಿ ಇಲ್ಲ. ಆಮೇಲೆ ಸ್ಕ್ಯಾನರಲ್ಲಿ ಸೆನ್ಸರುಗಳ ಲೈವ್ ಡೇಟಾ ಹಾಕ್ಕೊಂಡು ರಿಂಗ್ ರೋಡಲ್ಲಿ ಓಡಿಸಿದ್ವಿ, ಗಾಡಿ 50ರಲ್ಲಿ ಹೋಗ್ತಿದೆ, ಇನ್‌ಪುಟ್ ಸೆನ್ಸರ್ ಆರ್‌ಪಿಎಂ ನೆಟ್ಟಗಿದೆ, ಔಟ್‌ಪುಟ್ ಮಾತ್ರ ಧಡಾರಂತ ಸೊನ್ನೆ, ಅದೇ ಕ್ಷಣಕ್ಕೆ ಗಾಡಿ ಮೂರನೇ ಗೇರಿಗೆ. ಕಂಪ್ಯೂಟರಿಗೆ ಸೆನ್ಸರ್ ಮೇಲೆ ನಂಬಿಕೆ ಹೋದ್ರೆ ಗೇರ್ ಬದಲಿಸೋ ಸೊಲೆನಾಯ್ಡ್‌ಗಳಿಗೆ (ಕರೆಂಟಲ್ಲಿ ಕೆಲಸ ಮಾಡೋ ವಾಲ್ವ್) ಕರೆಂಟ್ ನಿಲ್ಲಿಸುತ್ತಂತೆ, ಆಗ ಉಳಿಯೋದು ಆ ಒಂದು ಗೇರ್, ಗೇರ್‌ಬಾಕ್ಸ್ ಉಳಿಸೋಕೆ ಮಾಡಿರೋ ವ್ಯವಸ್ಥೆ ಅದು.

ಅಲ್ಲಿಗೇ ಹೊಸ ಸೆನ್ಸರ್ ಹಾಕಿ ದುಡ್ಡು ತಗೋಬಹುದಿತ್ತು, ತಗೊಳ್ಲಿಲ್ಲ. ಸೆನ್ಸರ್ ಬಿಚ್ಚಿ ಓಮ್ (ವಿದ್ಯುತ್ ರೋಧ) ಅಳೆದ್ರೆ ಮ್ಯಾನ್ಯುಯಲಲ್ಲಿ ಇದ್ದಷ್ಟೇ ಬಂತು. ಮತ್ತೆ ಜೋಡಿಸಿ, ಕಂಪ್ಯೂಟರ್ ಕಡೆ ತುದಿಯಿಂದ ಮೀಟರ್ ಹಿಡಿದು ವೈರ್ ಕಟ್ಟನ್ನ ಒಂದೊಂದೇ ಗೇಣು ಅಲ್ಲಾಡಿಸ್ತಾ ಬಂದ್ರು, ಬ್ಯಾಟರಿ ಟ್ರೇ ಕೆಳಗೆ ಬಂದಾಗ ರೀಡಿಂಗ್ ಕಟ್. ಟೇಪ್ ಬಿಚ್ಚಿದ್ರೆ ಆಸಿಡ್ ಸೋರಿ ತಾಮ್ರ ಹಸಿರುಗಟ್ಟಿ ಎರಡೇ ಎಳೆ ಉಳ್ಕೊಂಡಿತ್ತು. ಕೆಟ್ಟ ಭಾಗ ಕತ್ತರಿಸಿ, ಹೊಸ ವೈರ್ ಬೆಸುಗೆ ಹಾಕಿ, ಬಿಸಿ ಮಾಡಿದ್ರೆ ಬಿಗಿಯಾಗೋ ಹೀಟ್ ಶ್ರಿಂಕ್ ಕೊಳವೆ ತೊಡಿಸಿ, ಕೋಡ್ ಅಳಿಸಿ 20 ಕಿಲೋಮೀಟರ್ ಓಡಿಸಿ ತೋರಿಸಿದ್ರು.

ಪತ್ತೆ ಹಚ್ಚಿದ್ದಕ್ಕೆ 1,500, ವೈರ್ ಕೆಲಸಕ್ಕೆ 900. ಬರೀ ಚೆಕ್ ಮಾಡೋಕೆ 1,500 ಯಾಕೆ ಅಂತ ಅಪ್ಪ ಕೇಳಿದ್ರು, ನನಗಂತೂ ಅಷ್ಟೂ ಆ ಹುಡುಕಾಟಕ್ಕೇ ಸಲ್ಬೇಕು ಅನ್ಸುತ್ತೆ. ಹೋದ ಭಾನುವಾರ ಅದೇ ಗಾಡೀಲಿ ಅಪ್ಪನೇ ಓಡಿಸ್ಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗ್ಬಂದ್ರು, ಕೋಡ್ ಇವತ್ತಿಗೂ ವಾಪಸ್ ಬಂದಿಲ್ಲ.

ಬೇಜಾರಿನ ವಿಷಯ ಅಂದ್ರೆ ಫೋನ್ ಎತ್ತಲ್ಲ, ಸಂಜೆ ಕೊಡ್ತೀನಿ ಅಂದಿದ್ದು ಎರಡು ದಿನ ಆಯ್ತು, ಕೂರೋಕೆ ಜಾಗ ಇಲ್ಲ. ಹೋಗೋರು ಬೆಳಗ್ಗೆ ಬೇಗ ಹೋಗಿ, ಮತ್ತೆ ಮನೇಲಿ ಕೋಡ್ ಅಳಿಸ್ಕೊಂಡು ಹೋಗ್ಬೇಡಿ, ತೊಂದರೆ ಆದಾಗ ಗಾಡಿ ಬರೆದಿಟ್ಕೊಂಡಿರೋ ಸ್ಪೀಡು, ಆರ್‌ಪಿಎಂ, ಬಿಸಿ ಎಲ್ಲಾ ಅದರ ಜೊತೆಗೇ ಅಳಿಸಿಹೋಗುತ್ತೆ, ಅವರು ಮೊದಲು ಕೇಳೋದೇ ಅದನ್ನ.