ಎರಡು ಡಬ್ಬ, ಒಂದು ಜಾಲರಿ, ಒಂದು ಕೈಗವಸು: ಮೂರು ವರ್ಷದ ಬಳಕೆಯ ನಂತರ

ಭಾನುವಾರ ಬೆಳಿಗ್ಗೆ ಕಾರು ತೊಳೆದಾದ ಮೇಲೆ, ಕೈಗವಸು ಜಾಲಿಸುವ ಎರಡನೆಯ ಡಬ್ಬದ ನೀರನ್ನು ನಿಧಾನವಾಗಿ ಮೋರಿಗೆ ಬಗ್ಗಿಸುತ್ತೇನೆ. ಮೇಲಿನ ನೀರೆಲ್ಲ ಹೋಗಿ ಒಂದೆರಡು ಬೊಗಸೆ ಉಳಿದಾಗ ತಳದ ಜಾಲರಿಯನ್ನು ಎತ್ತುತ್ತೇನೆ. ಕೆಳಗೆ ಬೂದುಗಪ್ಪು ಬಣ್ಣದ ಕೆಸರು ಕೂತಿರುತ್ತದೆ. ಅದನ್ನು ತೋರುಬೆರಳಿನಿಂದ ಬಳಿದು ಹೆಬ್ಬೆರಳಿಗೆ ತಿಕ್ಕಿದರೆ ಚುರುಕೆಂದು ಚುಚ್ಚುತ್ತದೆ. ವಾರವಿಡೀ ಗಾಡಿಯ ಮೈಮೇಲಿದ್ದ ಕಣಗಳು ಈಗ ಇಲ್ಲಿವೆ, ಮತ್ತೆ ಕೈಗವಸಿಗೆ ಹತ್ತಿ ಬಣ್ಣದ ಮೇಲೆ ಹೋಗಲಿಲ್ಲ ಎಂಬ ಸಮಾಧಾನ ಮೂರು ವರ್ಷವಾದರೂ ಹಳೆಯದಾಗಿಲ್ಲ. ಕಾರು ತೊಳೆಯುವ ಈ ಜಾಲರಿ, ಕೈಗವಸುಗಳ ವಿಮರ್ಶೆ ಬರೆಯಲು ಕೂತದ್ದೇ ಆ ಕೆಸರಿನ ಸಲುವಾಗಿ.

ನಮ್ಮ ಊರು ಧಾರವಾಡ, ಇರುವುದು ಪುಣೆಯ ಸಿಂಹಗಡ ರಸ್ತೆಯ ಒಂದು ಸೊಸೈಟಿಯಲ್ಲಿ. ಗಾಡಿಯ ಬಣ್ಣ ಕಡು ನೀಲಿ. ಫ್ಲೈಓವರ್ ಕೆಲಸ ನಡೆದ ವರ್ಷಗಳಲ್ಲಿ ಈ ರಸ್ತೆಯ ಧೂಳು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಈಗಲೂ ಅಕ್ಕಪಕ್ಕ ಎರಡು ಕಟ್ಟಡಗಳು ಏಳುತ್ತಿವೆ. ಅಲ್ಲಿ ಬಳಸುವುದು ನದಿಯ ಮರಳಲ್ಲ, ಈ ಸೀಮೆಯ ಕಪ್ಪು ಕಲ್ಲನ್ನು ಯಂತ್ರದಲ್ಲಿ ಒಡೆದು ಮಾಡಿದ ಕ್ರಶ್ ಸ್ಯಾಂಡ್. ನದಿಯ ಮರಳಿನ ಕಾಳು ಉರುಳಿ ಉರುಳಿ ನುಣುಪಾಗಿರುತ್ತದೆ. ಇದರ ಕಾಳಿಗೆ ಮೂಲೆಗಳಿವೆ, ಅಂಚುಗಳಿವೆ. ಅದರ ಧೂಳು ಕೂತ ಗಾಡಿಯನ್ನು ಒಣ ಅರಿವೆಯಿಂದ ಒರೆಸುವುದೆಂದರೆ ಸ್ಯಾಂಡ್ ಪೇಪರ್ ಎಳೆದಂತೆಯೇ ಸರಿ. ಗಾಡಿಯ ಬಣ್ಣದ ಮೇಲಿರುವ ಪಾರದರ್ಶಕ ಪದರ ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ. ನಾವು ಪ್ರಿಂಟರಿಗೆ ಹಾಕುವ ಕಾಗದದ ಹಾಳೆ ಸುಮಾರು 100 ಮೈಕ್ರಾನ್. ಅಂದರೆ ಗಾಡಿಯ ಹೊಳಪೆಲ್ಲ ನಿಂತಿರುವುದು ಅರ್ಧ ಹಾಳೆಯಷ್ಟು ದಪ್ಪದ ಮೇಲೆ.

ಇದು ನನಗೆ ಗೊತ್ತಾದದ್ದು ತಡವಾಗಿ. ಗಾಡಿ ಕೊಂಡು ಒಂದು ವರ್ಷವಾಗಿತ್ತು. ರಾತ್ರಿ ಕಾತ್ರಜದ ಕಡೆಯಿಂದ ಬರುವಾಗ ಪೆಟ್ರೋಲ್ ಪಂಪಿನ ಬಿಳಿ ದೀಪದ ಕೆಳಗೆ ನಿಂತೆ. ಬಾನೆಟ್ಟಿನ ಮೇಲೆ ದೀಪದ ಬಿಂಬದ ಸುತ್ತ ಜೇಡರ ಬಲೆಯಂತೆ ನೂರಾರು ಸಣ್ಣ ಗೀರುಗಳು ಕಂಡವು. ಅವು ನಿಜಕ್ಕೂ ದುಂಡಗಿರುವುದಿಲ್ಲ, ದಿಕ್ಕುದಿಕ್ಕಿಗೆ ಎಳೆದಿರುತ್ತವೆ. ಬೆಳಕಿಗೆ ಅಡ್ಡವಾಗಿ ಬಿದ್ದವು ಮಾತ್ರ ಹೊಳೆಯುವುದರಿಂದ ಸುತ್ತು ಸುತ್ತಾಗಿ ತೋರುತ್ತವೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. 6,500 ರೂಪಾಯಿ ಕೊಟ್ಟು ಪಾಲಿಶ್ ಮಾಡಿಸಿದೆ. ಕನ್ನಡಿಯಂತಾಯಿತು. ಎರಡು ತಿಂಗಳಲ್ಲಿ ಬಲೆ ಮತ್ತೆ ಹೆಣೆದುಕೊಂಡಿತು. ಪಾಲಿಶ್ ಎಂದರೆ ಗೀರು ತುಂಬುವುದಲ್ಲ, ಗೀರಿನ ಆಳಕ್ಕೆ ಸಮನಾಗುವಂತೆ ಸುತ್ತಲಿನ ಪದರವನ್ನೇ ಸವೆಸುವುದು. ಆ ಅರ್ಧ ಹಾಳೆಯನ್ನು ಎಷ್ಟು ಸಲ ಸವೆಸಲಾದೀತು?

ಹಾಗಾಗಿ ತೊಳೆಯುವ ರೀತಿಯನ್ನೇ ಬದಲಿಸಿದೆ. ಮೈಕ್ರೋಫೈಬರ್ ಕೈಗವಸು, ಡಬ್ಬದ ತಳಕ್ಕೆ ಹಾಕುವ ಪ್ಲಾಸ್ಟಿಕ್ ಜಾಲರಿ, ಕಾರಿನ ಶಾಂಪೂ, ಒರೆಸುವ ದಪ್ಪ ಟವೆಲ್ಲು ಎಲ್ಲ ಸೇರಿ ಸುಮಾರು 2,000 ರೂಪಾಯಿ ಆಯಿತು. ಒಂದು ಪಾಲಿಶಿನ ಮೂರನೆಯ ಒಂದು ಪಾಲೂ ಇಲ್ಲ.

ಮೊದಲು ಜಾಲರಿಯ ದೋಷ ಹೇಳಿಬಿಡುತ್ತೇನೆ. ಇದು ನಮ್ಮ ಬಚ್ಚಲಿನ ಬಕೆಟ್ಟಿಗೆ ಹೊಂದುವುದಿಲ್ಲ. ನಮ್ಮ ಬಕೆಟ್ಟುಗಳು ಕೆಳಗೆ ಹೋದಂತೆ ಕಿರಿದಾಗುತ್ತವೆ. ಜಾಲರಿ ಅರ್ಧದಲ್ಲೇ ಸೊಟ್ಟಗೆ ಸಿಕ್ಕಿಕೊಂಡಿತು. ಕೈ ಹಾಕಿದಾಗಲೆಲ್ಲ ವಾಲಿ ಕೆಳಗಿನ ಕೆಸರನ್ನು ಕದಡುತ್ತಿತ್ತು. ಇಂತಿಷ್ಟು ಅಗಲದ ತಳ ಬೇಕೆಂದು ಮಾರುವವರು ಎಲ್ಲೂ ಬರೆದಿರಲಿಲ್ಲ, ಸಿಟ್ಟು ಬಂತು. ಉಪಾಯ ಸಿಕ್ಕಿದ್ದು ನಮ್ಮ ಮಹಡಿಯಲ್ಲೇ. ಎದುರು ಮನೆಯವರು ಗೋಡೆಗೆ ಬಣ್ಣ ಹೊಡೆಸುತ್ತಿದ್ದರು. 20 ಲೀಟರಿನ ಎಮಲ್ಷನ್ ಡಬ್ಬಗಳು ಎರಡು ಖಾಲಿ ಬಿದ್ದಿದ್ದವು. ಅವುಗಳ ಗೋಡೆ ಹೆಚ್ಚುಕಡಿಮೆ ನೆಟ್ಟಗಿರುತ್ತದೆ, ತಳ ಅಗಲ. ಜಾಲರಿ ಅಲ್ಲಾಡದೆ ಕೂತಿತು. ಅದರ ಅಡಿಗಿರುವ ರೆಕ್ಕೆಗಳು ಕೆಳಗಿನ ನೀರು ಸುಳಿಯದಂತೆ ತಡೆಯುತ್ತವೆ, ಒಮ್ಮೆ ಇಳಿದ ಮಣ್ಣು ಅಲ್ಲೇ ನಿಲ್ಲುತ್ತದೆ.

ಒಂದು ಡಬ್ಬದಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು, ಜಾಲರಿ ಇರುವುದು ಈ ಎರಡನೆಯದರಲ್ಲಿ. ಸೊಸೈಟಿಯಲ್ಲಿ ಪೈಪು ಹಚ್ಚಿ ತೊಳೆಯಲು ಬಿಡುವುದಿಲ್ಲ, ಬಿಡಬಾರದೂ ಹೌದು. 2023ರ ಬೇಸಿಗೆಯಲ್ಲಿ ಪಾಲಿಕೆ ಗುರುವಾರಗಳಂದು ನೀರು ನಿಲ್ಲಿಸಿದಾಗ ಇಲ್ಲಿ ಎಲ್ಲರೂ ಟ್ಯಾಂಕರಿನ ದಾರಿ ಕಾದವರೇ. ನಾನು ಮೊದಲು ತೋಟಕ್ಕೆ ಔಷಧಿ ಹೊಡೆಯುವ 5 ಲೀಟರಿನ ಕೈಪಂಪಿನಿಂದ ನೀರು ಸಿಂಪಡಿಸಿ, ಸಡಿಲ ಮಣ್ಣನ್ನು ಮುಟ್ಟದೆಯೇ ಇಳಿಸುತ್ತೇನೆ. ಐದು ನಿಮಿಷ ನೆನೆಯಲು ಬಿಡುತ್ತೇನೆ. ಆಮೇಲೆ ಮಾಳಿಗೆ, ಗಾಜು, ಬಾನೆಟ್, ಬಾಗಿಲುಗಳ ಮೇಲ್ಭಾಗ. ಬಾಗಿಲಿನ ಕೆಳಭಾಗ ಯಾವಾಗಲೂ ಕೊನೆಗೆ, ರಸ್ತೆಯ ಕೊಳೆಯೆಲ್ಲ ಅಲ್ಲೇ ಇರುತ್ತದೆ. ಚಕ್ರಕ್ಕೆ ಬೇರೆ ಮಗ್ಗು, ಬೇರೆ ಅರಿವೆ.

ಕೈಗವಸನ್ನು ಒತ್ತುವುದಿಲ್ಲ. ಅಂಗೈಯ ಭಾರವೊಂದೇ ಸಾಕು. ನೆಟ್ಟಗೆ ಒಂದು ಎಳೆತ, ಅದರ ಪಕ್ಕ ಇನ್ನೊಂದು. ಬೆಳಿಗ್ಗೆ ಆರಕ್ಕೆ ಪಾರ್ಕಿಂಗ್ ನಿಶ್ಶಬ್ದವಾಗಿರುತ್ತದೆ, ಬಟ್ಟೆಯ ಸಪ್ಪಳ ಚೆನ್ನಾಗಿ ಕೇಳುತ್ತದೆ. ಸುಂಯ್ ಎನ್ನುವುದರ ನಡುವೆ ಒಂದು ಸಣ್ಣ ಕಿರ್ ಕೇಳಿದರೆ ಅಲ್ಲಿಯೇ ಕೈ ಎತ್ತುತ್ತೇನೆ. ಎಳೆಗಳ ನಡುವೆ ಕಾಳೊಂದು ಸಿಕ್ಕಿದೆ ಎಂದರ್ಥ. ಎರಡನೆಯ ಡಬ್ಬದಲ್ಲಿ ಮುಳುಗಿಸಿ ಜಾಲರಿಗೆ ಮೂರು ಸಲ ತಿಕ್ಕಿ, ಹಿಂಡಿ, ಆಮೇಲೆಯೇ ಶಾಂಪೂ ನೀರು. ಒರೆಸುವಾಗಲೂ ಉಜ್ಜುವುದಿಲ್ಲ. ಟವೆಲ್ಲನ್ನು ಹಾಸಿ, ಎರಡು ತುದಿ ಹಿಡಿದು ಮೆಲ್ಲಗೆ ಎಳೆದರೆ ಸಾಕು, ನೀರು ತಾನೇ ಹೀರಿಕೊಂಡು ಬರುತ್ತದೆ. ನಮ್ಮ ಕಡೆ ಟ್ಯಾಂಕರಿನ ನೀರು ಗಡುಸು, ಬಿಸಿಲಿಗೆ ಒಣಗಲು ಬಿಟ್ಟರೆ ಸುಣ್ಣದ ಚುಕ್ಕೆಗಳು ಉಳಿಯುತ್ತವೆ. ಒಟ್ಟು ಖರ್ಚು ಸುಮಾರು 30 ಲೀಟರ್ ನೀರು, ಮುಕ್ಕಾಲು ಗಂಟೆ.

ಇಷ್ಟೆಲ್ಲ ಎಚ್ಚರ ವಹಿಸಿಯೂ ಮೂರನೆಯ ತಿಂಗಳು ಎಡಗಡೆಯ ಹಿಂಬಾಗಿಲ ಮೇಲೆ ಹೊಸ ಗೀರುಗಳು ಕಂಡವು. ಮೂರೂ ಒಂದೇ ಉದ್ದ, ಒಂದೇ ಬಾಗು. ಕೈಗವಸನ್ನು ಒಳಹೊರಗೆ ತಿರುಗಿಸಿ ನೋಡಿದೆ. ಮಣಿಕಟ್ಟಿನ ಹತ್ತಿರ ಹೊಲಿದಿದ್ದ ಕಂಪನಿಯ ಚೀಟಿ! ನೈಲಾನಿನ ಆ ಚೀಟಿಯ ಅಂಚನ್ನು ಎಳೆ ಬಿಚ್ಚದಂತೆ ಸುಟ್ಟು ಕತ್ತರಿಸಿದ್ದರು, ಅದು ಕರಗಿ ಗಟ್ಟಿಯಾಗಿ ಉಗುರಿನಂತಾಗಿತ್ತು. ಗೀರಬಾರದೆಂದೇ ಮಾಡಿದ ವಸ್ತುವಿನ ಮೇಲೆ ಗೀರುವ ಚೀಟಿ! ಮಾರಿದವರಿಗೆ ಚಿತ್ರ ಸಹಿತ ಬರೆದೆ. ಬಣ್ಣದ ಗುಣಮಟ್ಟ ನೋಡಿಕೊಳ್ಳಿ ಎಂಬ ಉತ್ತರ ಬಂತು. ಹೊಸ ಕೈಗವಸು, ಹೊಸ ಟವೆಲ್ಲು ಏನೇ ತಂದರೂ ದಯವಿಟ್ಟು ಮೊದಲು ಹೊಲಿಗೆ ಬಿಚ್ಚಿ ಚೀಟಿ ತೆಗೆಯಿರಿ. ಕತ್ತರಿಸಿದರೆ ಬುಡ ಉಳಿಯುತ್ತದೆ, ಬಿಚ್ಚಿಯೇ ತೆಗೆಯಬೇಕು.

ಇನ್ನೊಂದು ಪಾಠ ಮನೆಯೊಳಗಿನದು. ಒಮ್ಮೆ ಕೈಗವಸು ಮನೆಯ ಟವೆಲ್ಲುಗಳ ಜೊತೆ ವಾಷಿಂಗ್ ಮಷಿನ್ನಿಗೆ ಹೋಯಿತು, ಬಟ್ಟೆ ಮೃದುವಾಗಿಸುವ ದ್ರಾವಣವೂ ಬಿತ್ತು. ಹೊರಬಂದಾಗ ಎಳೆಗಳ ತುಂಬ ಹತ್ತಿಯ ನಾರು, ಮುಟ್ಟಿದರೆ ಜಾರಿಕೆ. ಆ ದ್ರಾವಣ ಎಳೆಗಳ ಮೇಲೆ ಪದರವಾಗಿ ಕೂತು ನೀರು ಹಿಡಿಯುವ ಗುಣವನ್ನೇ ಕೆಡಿಸುತ್ತದೆ. ಅಂದಿನಿಂದ ನಾನೇ ಕೈಯಲ್ಲಿ ಒಗೆದು ನೆರಳಿಗೆ ಹಾಕುತ್ತೇನೆ. ಹಾಗೆ ನೋಡಿಕೊಂಡರೂ 14 ತಿಂಗಳಿಗೆ ಹೆಬ್ಬೆರಳಿನ ಹತ್ತಿರ ಹೊಲಿಗೆ ಬಿಟ್ಟಿತು. ಈಗ ಬಳಸುತ್ತಿರುವುದು ಮೂರನೆಯದು. ಜಾಲರಿ ಮಾತ್ರ ಮೊದಲಿನದೇ, ಒಂದು ಕಡ್ಡಿಯೂ ಮುರಿದಿಲ್ಲ.

ಆದರೂ ಆರು ದಿನ ಗಾಡಿ ಒರೆಸುವವನು ನಾನಲ್ಲ, ತಿಂಗಳ ಲೆಕ್ಕಕ್ಕೆ ಬರುವ ಹುಡುಗ. ಗೀರಿಗೆಲ್ಲ ಅವನೇ ಕಾರಣವೆಂದು ಅವನ ಮೇಲೆ ಬಹಳ ದಿನ ಕೋಪವಿತ್ತು. ದಿನವೂ ಒಣ ಅರಿವೆಯಿಂದ ಚಟಚಟನೆ ಧೂಳು ಹೊಡೆಯುವುದನ್ನು ಕಿಟಕಿಯಿಂದ ನೋಡಿ ಸಂಕಟವಾಗುತ್ತಿತ್ತು. ಒಂದು ದಿನ ಕೆಳಗಿಳಿದು ಹಿಂದಿಯಲ್ಲಿ ಗದರಿದೆ. ಅವನು ಪಕ್ಕದವನಿಗೆ ಕನ್ನಡದಲ್ಲಿ ಏನೋ ಹೇಳಿದ. ಇಂಡಿ ತಾಲ್ಲೂಕಿನ ಹುಡುಗ! ನಾನೂ ಕನ್ನಡಕ್ಕೆ ಹೊರಳಿದೆ.

"ತಮ್ಮಾ, ಒಂದೇ ಬಕೆಟ್ ನೀರಿನಲ್ಲಿ ಇಷ್ಟು ಗಾಡಿ ಒರೆಸುತ್ತೀಯಲ್ಲ?"

"ಕಾಕಾ, ನನಗೆ ಕೊಡುವುದೇ ನಾಲ್ಕು ಬಕೆಟ್. ಎಂಟು ಗಂಟೆಯೊಳಗೆ 22 ಗಾಡಿ ಆಗಬೇಕು. ಒರೆಸದೆ ಬಿಟ್ಟರೆ ಧೂಳಿದೆ ಎಂದು ನೀವೇ ಸೆಕ್ರೆಟರಿಗೆ ಹೇಳುತ್ತೀರಿ."

ಹಿಂದಿನ ಮಳೆಗಾಲದಲ್ಲಿ ನಾನು ಹಾಗೆ ದೂರಿದ್ದು ನಿಜ. ಅವನಿಗೂ ನನಗೂ ಅಂದೇ ಒಪ್ಪಂದವಾಯಿತು. ನನ್ನ ಗಾಡಿಗೆ ಒಣ ಅರಿವೆ ಬೇಡ, ಒಳಗಿನ ಕಾಲೊರಸು ಕೊಡವಿ ಗಾಜು ಒರೆಸಿದರೆ ಸಾಕು, ಹಣ ಮೊದಲಿನಷ್ಟೇ. ಹಕ್ಕಿಯ ಹಿಕ್ಕೆ ಬಿದ್ದರೆ ಮಾತ್ರ ಒದ್ದೆ ಬಟ್ಟೆ ಹಾಕಿ ನೆನೆಸಿ ಕೂಡಲೇ ತೆಗೆಯಬೇಕು, ಅದು ಬಿಸಿಲಿಗೆ ಬಣ್ಣವನ್ನೇ ತಿನ್ನುತ್ತದೆ. ಈಗ ವಾರವಿಡೀ ಗಾಡಿ ಮಾಸಲಾಗಿಯೇ ನಿಂತಿರುತ್ತದೆ. ಮೊದಮೊದಲು ಮನಸ್ಸು ಒಗ್ಗಲಿಲ್ಲ. ಪಂಪಿನ ದೀಪದ ಕೆಳಗೆ ಎರಡು ವರ್ಷದಿಂದ ಹೊಸ ಬಲೆ ಕಂಡಿಲ್ಲ, ಹಾಗಾಗಿ ಒಗ್ಗಿಕೊಂಡಿತು.

ಅಂಕ ಕೊಡುವುದಾದರೆ ಜಾಲರಿಗೆ ಐದಕ್ಕೆ ಐದು, ಡಬ್ಬ ಸರಿಯಾದದ್ದು ಸಿಕ್ಕರೆ ಮಾತ್ರ. ಕೈಗವಸಿಗೆ ಮೂರು. ಪ್ರತಿ ವರ್ಷ ಇನ್ನೊಂದು ಕೊಳ್ಳಲು ನಾನೂರು ರೂಪಾಯಿ ತೆಗೆದಿಟ್ಟವರು ಮಾತ್ರ ಕೊಳ್ಳಲಿ. ಬಿಳಿ ಗಾಡಿಯವರಿಗೆ ಇಷ್ಟು ಗೀರು ಕಾಣುವುದಿಲ್ಲ, ಅವರು ಒಣ ಅರಿವೆಯೊಂದನ್ನು ನಿಲ್ಲಿಸಿದರೂ ನಡೆದೀತು.

ಕಳೆದ ಭಾನುವಾರ ಹುಡುಗ ನನ್ನ ಡಬ್ಬದ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ತಳದ ಕೆಸರನ್ನು ಬೆರಳಿಗೆ ಹಚ್ಚಿಕೊಂಡು ನೋಡಿದ. "ಇದೆಲ್ಲ ಇದೊಂದೇ ಗಾಡಿಯದಾ ಕಾಕಾ?" ಎಂದ. ಅವನಿಗೂ ಒಂದು ಜಾಲರಿ ತರಿಸಲು ಹೇಳಿದ್ದೇನೆ. ಡಬ್ಬದ ಚಿಂತೆಯಿಲ್ಲ, ಬಿ ವಿಂಗಿನ ಮೂರನೆಯ ಮಹಡಿಯಲ್ಲಿ ಬಣ್ಣದ ಕೆಲಸ ಶುರುವಾಗಿದೆ. ಇನ್ನೊಂದು ಬಕೆಟ್ ನೀರಿಗೆ ಸೆಕ್ರೆಟರಿಯವರನ್ನು ನಾನೇ ಕೇಳಬೇಕು.