ಬರೀ ಟೋ ಔಟಾ, ಕ್ಯಾಂಬರ್ ಬೋಲ್ಟಾ? ನನ್ನ ಓಟು ಬೋಲ್ಟ್‌ಗೆ

ಕೋಲಾರದಿಂದ ಮುಳಬಾಗಿಲು, ಚಿತ್ತೂರು ದಾಟಿಕೊಂಡು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕ್‌ಗೆ ಇನ್ನೂರು ಕಿಲೋಮೀಟರ್‌ಗೂ ಜಾಸ್ತಿ. ನನ್ನ ಹಳೇ ಸ್ವಿಫ್ಟ್‌ನಲ್ಲೇ ಹೋಗಿ, ಲ್ಯಾಪ್ ಹೊಡೆದು, ಅದೇ ಟೈರ್‌ನಲ್ಲಿ ಮನೆಗೆ ಬರಬೇಕು. ಇದಕ್ಕೆ ಮುಂದಿನ ಚಕ್ರಗಳನ್ನು ಯಾವ ಕೋನಕ್ಕೆ ಕೂರಿಸಬೇಕು ಅನ್ನುವುದೇ ಪ್ರಶ್ನೆ.

ಮೊದಲ ಸಲ ಬೋಲ್ಟ್ ಖರ್ಚು ಯಾಕೆ ಅಂತ ಬರೀ ಟೋ ಔಟ್ ಮಾಡಿಸಿದೆ, ಅಂದರೆ ಮುಂದಿನ ಎರಡೂ ಚಕ್ರಗಳ ಮುಂತುದಿ ಸ್ವಲ್ಪ ಹೊರಕ್ಕೆ ತಿರುಗಿರುವ ಹಾಗೆ. ತಿರುವಿಗೆ ಗಾಡಿ ಚುರುಕಾಗಿ ನುಗ್ಗಿತು, ನಿಜ. ಆದರೆ ತಿರುವಿನಲ್ಲಿ ಗಾಡಿ ವಾಲಿ ಟೈರಿನ ಹೊರ ಅಂಚು ಸವೆಯಿತು, ಹೈವೇಯಲ್ಲಿ ಟೋ ಔಟ್ ಒಳ ಅಂಚನ್ನು ತಿಂದಿತು. ಮಧ್ಯದಲ್ಲಿ ಟೈರಿನ ಗೀರು ಚೆನ್ನಾಗಿಯೇ ಇತ್ತು, ಟೈರ್ ಮಾತ್ರ ಬಿಸಾಕಬೇಕಾಯಿತು.

ಎರಡನೇ ಸಲ ಕ್ಯಾಂಬರ್ ಬೋಲ್ಟ್. ಕ್ಯಾಂಬರ್ ಅಂದರೆ ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಅದನ್ನು ಬದಲಾಯಿಸಲು ಈ ಬೋಲ್ಟ್. ಸ್ಟ್ರಟ್‌ನ (ಮುಂದಿನ ಚಕ್ರದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇರುವ ಕಂಬ) ಕೆಳಗಿನ ಎರಡು ಬೋಲ್ಟ್‌ಗಳಲ್ಲಿ ಒಂದನ್ನು ತೆಗೆದು ಇದನ್ನು ಹಾಕುತ್ತಾರೆ. ಕ್ಯಾಂಬರ್ ಮೈನಸ್ ಒಂದೂವರೆ ಡಿಗ್ರಿ, ಅಂದರೆ ಮೇಲ್ಭಾಗ ಒಳಕ್ಕೆ, ಟೋ ಸೊನ್ನೆ. ಉದ್ದ ತಿರುವುಗಳಲ್ಲಿ ಮುಂದಿನ ಚಕ್ರಗಳ ಹಿಡಿತ ಎಷ್ಟು ಬದಲಾಯಿತು ಅಂದರೆ ಸ್ಟೀರಿಂಗ್‌ನಲ್ಲೇ ಗೊತ್ತಾಗುತ್ತದೆ.

ತಲೆನೋವು ಅಂದರೆ ಅಲೈನ್‌ಮೆಂಟ್ ಅಂಗಡಿಯದು. ಸ್ಕ್ರೀನ್‌ನಲ್ಲಿ ಹಸಿರು (ಕಂಪನಿ ಹೇಳಿದ ಮಿತಿಯೊಳಗೆ) ಬಂದರೆ ಅವರ ಪಾಲಿಗೆ ಕೆಲಸ ಮುಗಿಯಿತು. ನಾವು ಕೇಳುವ ಕ್ಯಾಂಬರ್ ಕೆಂಪು ತೋರಿಸುತ್ತದೆ, "ಸಾರ್, ಇದು ತಪ್ಪು" ಅಂತ ವಾಪಸ್ ತಿರುಗಿಸುತ್ತಾರೆ. ಒಂದು ಕಡೆ ಹುಡುಗ ಟೋ ಮೊದಲು ಸರಿಮಾಡಿ, ಆಮೇಲೆ ಕ್ಯಾಂಬರ್ ಬದಲಾಯಿಸಿ, ಅಲ್ಲಿಗೇ ಬಿಟ್ಟ. ಕ್ಯಾಂಬರ್ ಅಲುಗಾಡಿಸಿದರೆ ಟೋ ಕೂಡ ಸರಿಯುತ್ತದೆ ಅಲ್ವಾ! ಮುಳಬಾಗಿಲು ಸೇರುವಷ್ಟರಲ್ಲೇ ಸ್ಟೀರಿಂಗ್ ಸೊಟ್ಟ ಕೂತಿರುವುದು ಗೊತ್ತಾಯಿತು. ಈಗ ಬೇಕಾದ ಅಂಕಿ ಚೀಟಿಯಲ್ಲಿ ಬರೆದು ಕೊಡುತ್ತೇನೆ, ಮೊದಲು ಕ್ಯಾಂಬರ್, ಕೊನೆಗೆ ಟೋ. ಪ್ರಿಂಟ್ ಕೈಗೆ ಬರುವವರೆಗೂ ಅಲ್ಲೇ ನಿಂತಿರುತ್ತೇನೆ.

ಗಾಳಿಯ ವಿಷಯ. ಮನೆಯಿಂದ 32 ಪಿಎಸ್‌ಐ ಹಾಕಿಕೊಂಡು ನೇರ ಟ್ರ್ಯಾಕ್‌ಗೆ ಇಳಿದರೆ ಕೆಲವೇ ಲ್ಯಾಪ್‌ಗೆ 38 ದಾಟುತ್ತದೆ, ಗಾಡಿ ಜಾರತೊಡಗುತ್ತದೆ. ಈಗ ಅಲ್ಲಿ ತಲುಪಿ, ಟೈರ್ ಪೂರ್ತಿ ತಣ್ಣಗಾದ ಮೇಲೆ 28ಕ್ಕೆ ಇಳಿಸುತ್ತೇನೆ. ಬಿಸಿಯಾದಾಗ 33, 34 ಸಿಗಬೇಕು, ಜಾಸ್ತಿ ಆದರೆ ಸ್ವಲ್ಪ ಗಾಳಿ ಬಿಡುತ್ತೇನೆ. ಟೈರ್ ಅಂಚಿಗೆ ಸೀಮೆಸುಣ್ಣ ಹಚ್ಚಿ ನೋಡಿ, ಸೈಡ್‌ವಾಲ್‌ವರೆಗೂ (ಟೈರಿನ ಪಕ್ಕದ ಮೈ) ಅಳಿಸಿದ್ದರೆ ಗಾಳಿ ಕಮ್ಮಿ ಅಂತ ಅರ್ಥ. ಬಂಕ್ ಮೀಟರ್ ನಂಬಬೇಡಿ, ಸ್ವಂತ ಗೇಜ್ ಇರಲಿ. ನೈಟ್ರೋಜನ್ ಹಾಕಿದರೂ ಬಿಸಿಗೆ ಒತ್ತಡ ಏರಿಯೇ ಏರುತ್ತದೆ. ವಾಪಸ್ ಹೊರಡುವ ಮುಂಚೆ ಮರೆಯದೆ ಗಾಳಿ ತುಂಬಿಸಿ.

ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್) ಹಾಕಿಸು ಅನ್ನುವವರಿದ್ದಾರೆ. ವರ್ಷಕ್ಕೆ ಎರಡೇ ಸಲ ಹೋಗುವ ನನಗೆ ಬೋಲ್ಟ್ ಸಾಕು, ಉಳಿದ ದುಡ್ಡು ಬ್ರೇಕ್ ಪ್ಯಾಡ್‌ಗೆ.