ಮರಳೋ, ಹಿಮವೋ: ಇಟಲಿಯ ವೆಸ್ಟರ್ನ್ ಚಿತ್ರಗಳನ್ನು ಎಲ್ಲಿಂದ ಆರಂಭಿಸಬೇಕು?

ಇಟಲಿಯ ವೆಸ್ಟರ್ನ್ ಚಿತ್ರಗಳನ್ನು, ಅಂದರೆ ಅಮೆರಿಕದ ಪಶ್ಚಿಮ ಭಾಗದ ಕೌಬಾಯ್ ಕಥೆಗಳನ್ನು ಇಟಲಿಯ ನಿರ್ದೇಶಕರು ತೆರೆಗೆ ತಂದ ಚಿತ್ರಗಳನ್ನು, ಮೊದಲ ಬಾರಿಗೆ ನೋಡಹೊರಟವರ ಮುಂದೆ ನಾನು ಎರಡನ್ನು ಇಡುತ್ತೇನೆ: ಸರ್ಜಿಯೋ ಲಿಯೋನೆಯವರ ‘ದ ಗುಡ್, ದ ಬ್ಯಾಡ್ ಆ್ಯಂಡ್ ದ ಅಗ್ಲಿ’ (1966) ಮತ್ತು ಸರ್ಜಿಯೋ ಕೊರ್ಬುಚ್ಚಿಯವರ ‘ದ ಗ್ರೇಟ್ ಸೈಲೆನ್ಸ್’ (1968). ಎರಡಕ್ಕೂ ಸಂಗೀತ ಎನ್ನಿಯೋ ಮೊರ್ರಿಕೋನೆಯವರದೇ ಆದರೂ, ಸ್ವಭಾವದಲ್ಲಿ ಇವುಗಳ ನಡುವೆ ಅಜಗಜಾಂತರವಿದೆ.

ಲಿಯೋನೆಯವರ ಚಿತ್ರ ಸ್ಪೇನಿನ ಒಣನೆಲದಲ್ಲಿ ಚಿತ್ರಿತವಾದುದು. ಸುಮಾರು ಮೂರು ಗಂಟೆಯ ತಾಳ್ಮೆಯನ್ನು ಅದು ಬೇಡುತ್ತದೆ. ಕೊನೆಯ ಸ್ಮಶಾನದ ದೃಶ್ಯವೊಂದೇ ಆ ತಾಳ್ಮೆಗೆ ತಕ್ಕ ಪ್ರತಿಫಲ. ದುಂಡನೆಯ ಅಂಗಳದಲ್ಲಿ ಮೂವರು ಮಾತಿಲ್ಲದೆ ನಿಂತಿರುತ್ತಾರೆ. ದೂರದ ನೋಟದಿಂದ ಆರಂಭವಾಗುವ ಕ್ಯಾಮೆರಾ ಬೆವೆತ ಮುಖಗಳಿಗೆ, ಅಲ್ಲಿಂದ ಕಣ್ಣುಗಳಿಗೆ, ಪಿಸ್ತೂಲಿನ ಬಳಿ ಸುಳಿಯುವ ಬೆರಳುಗಳಿಗೆ ಹತ್ತಿರವಾಗುತ್ತಾ ಹೋದಂತೆ, ಸಂಕಲನದ ವೇಗವೂ ಸಂಗೀತದ ಏರಿಕೆಯೂ ಒಂದಾಗಿ, ಗುಂಡು ಹಾರುವ ಮೊದಲೇ ನಮ್ಮ ಉಸಿರು ಬಿಗಿಯುತ್ತದೆ. ಈ ಶೈಲಿಯ ಸೊಗಸನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಶ್ಯವನ್ನು ನಾನು ಕಂಡಿಲ್ಲ.

ಕೊರ್ಬುಚ್ಚಿಯವರದು ಹಿಮದ ಲೋಕ. ಇಟಲಿಯ ಡೊಲೊಮೈಟ್ ಪರ್ವತಗಳಲ್ಲಿ ಚಿತ್ರಿಸಿದ ಈ ಕಥೆಯಲ್ಲಿ ಕುದುರೆಗಳು ಎದೆಮಟ್ಟದ ಹಿಮದಲ್ಲಿ ತಡವರಿಸುತ್ತವೆ, ನಾಯಕ ಮೂಗ, ತಲೆಗೆ ಬೆಲೆ ಕಟ್ಟಲ್ಪಟ್ಟವರನ್ನು ಹಣಕ್ಕಾಗಿ ಕೊಲ್ಲುವವನಾಗಿ ನಟ ಕ್ಲಾಸ್ ಕಿನ್ಸ್ಕಿ ಕಾನೂನಿನ ನೆರಳಲ್ಲೇ ನಿಶ್ಚಿಂತೆಯಿಂದ ನಗುತ್ತಾನೆ. ಇಲ್ಲಿ ಲಿಯೋನೆಯವರ ಹಾಸ್ಯವಿಲ್ಲ, ಅಂತ್ಯದಲ್ಲಿ ಸಮಾಧಾನವೂ ಇಲ್ಲ.

ಶೈಲಿಯ ರುಚಿ ಹತ್ತಬೇಕೆಂದರೆ ಲಿಯೋನೆಯವರಿಂದಲೇ ಆರಂಭಿಸಿ, ಸಾಧ್ಯವಾದರೆ ದೊಡ್ಡ ಪರದೆಯಲ್ಲಿ. ಸಮಯ ಕಡಿಮೆಯಿದ್ದು, ಕಹಿಯನ್ನು ಅರಗಿಸಿಕೊಳ್ಳುವ ಮನಸ್ಸಿದ್ದರೆ ಕೊರ್ಬುಚ್ಚಿಯವರ ಚಿತ್ರವನ್ನು ಆರಿಸಿಕೊಳ್ಳಿ. ಅದು ಎರಡು ಗಂಟೆಯೊಳಗೆ ಮುಗಿಯುತ್ತದೆ.